ಎಲೆ ಮುಂದಿನಿಂದ ಎದ್ದು ಬಂದವರು

ಹೋದ ವಾರ ಮದ್ದೂರಿನಿಂದ ಪವಿತ್ರ ಅನ್ನುವ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಹೊಸದಾಗಿ ವಧೂವರರ ಮಾಹಿತಿ ಕೇಂದ್ರ ತೆರೆದಿದ್ದಾಳೆ. ಕೇಂದ್ರ ಅಂದರೆ ಕೋಣೆಯೂ ಇಲ್ಲ, ಬೋರ್ಡೂ ಇಲ್ಲ, ಎಲ್ಲ ಫೋನಿನೊಳಗೇ. ಮಂಡ್ಯದಲ್ಲಿ ಸರೋಜಮ್ಮ ಅಂತ ಒಬ್ಬರು ಮೂವತ್ತು ವರ್ಷ ಇದೇ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ, ಹೋಗಿ ಕಲಿತುಕೋ ಎಂದು ಯಾರೋ ಹೇಳಿದ್ದರಂತೆ. ಕೇಳಿ ಖುಷಿಯಾಯಿತು. ಕೂರಿಸಿ ಕಾಫಿ ಕೊಟ್ಟೆ. ಎರಡು ಗುಟುಕು ಕುಡಿದು ಅವಳು ಕೇಳಿದ ಮೊದಲ ಪ್ರಶ್ನೆ ಇದು:

"ಆಂಟಿ, ಒಳಗೆ ಆಸೆ ಇದ್ರೂ ಇಲ್ದಂಗೆ ಬಿಗು ಹಿಡ್ದು ಆಡ್ಸೋದ್ರಲ್ಲಿ ನಿಮ್ಮನ್ನ ಬುಟ್ರೆ ಇಲ್ಲ ಅಂತಾರೆ. ಅದೊಂದು ಹೇಳ್ಕೊಟ್ಬುಡಿ ಸಾಕು."

ಅವಳ ಕೈಯಲ್ಲಿದ್ದ ಲೋಟ ಕಿತ್ತುಕೊಳ್ಳಬೇಕು ಅನ್ನಿಸಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಪಾಪದ ಹುಡುಗಿ ಮುಖ ಸಣ್ಣಗೆ ಮಾಡಿಕೊಂಡು ಎದ್ದು ಹೋದಳು. ಅವಳು ಗೇಟು ದಾಟಿದ ಮೇಲೆ, ಬೈದದ್ದು ಯಾರನ್ನು ಅಂತ ನನಗೇ ಗೊತ್ತಾಯಿತು. ಅವಳಿಗೆ ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ. ಎಷ್ಟು ಮದುವೆ ಮಾಡಿಸಿದೆ, ಯಾವ ಸಂಘದವರು ಶಾಲು ಹೊದಿಸಿದರು ಅನ್ನುವ ಸುದ್ದಿ ಇದರಲ್ಲಿ ಇಲ್ಲ. ಅಂಥದ್ದು ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ನನ್ನ ಗಂಡ ಮಂಡ್ಯ–ಮಳವಳ್ಳಿ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ನಾನು ಪಿಯುಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು. ನಂಜುಂಡಪ್ಪ ಮೇಷ್ಟ್ರು ಅನ್ನುವ ನಿವೃತ್ತ ಶಿಕ್ಷಕರು ಒಂದು ಮರಗೆಲಸದ ಅಂಗಡಿಯ ಮೇಲಿನ ಕೋಣೆಯಲ್ಲಿ ಗಂಡು ಹೆಣ್ಣು ಕೂಡಿಸುವ ಕೇಂದ್ರ ನಡೆಸುತ್ತಿದ್ದರು. ಜಾತಕ ನಕಲು ಮಾಡಲು ನನ್ನನ್ನು ಕರೆದರು. ನಕಲು ಮಾಡುತ್ತ ಮಾಡುತ್ತ ನಾನು ಅವರನ್ನೇ ನಕಲು ಮಾಡಲು ಕಲಿತೆ.

ಮೇಷ್ಟ್ರು ಒಳ್ಳೆಯವರೇ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು, ಒಂದು ದಿನವೂ ಏಕವಚನದಲ್ಲಿ ಮಾತಾಡಿಸಲಿಲ್ಲ. ಆದರೆ ಅವರ ಕಸುಬೆಲ್ಲ ಬಿಗುವಿನ ಮೇಲೆ ನಿಂತಿತ್ತು. ಯಾರಾದರೂ ಮಗಳ ಫೋಟೋ ಹಿಡಿದು ಬಂದರೆ ಅದನ್ನು ನೋಡುತ್ತಲೇ ಇರಲಿಲ್ಲ. ಮೇಜಿನ ಮೇಲೆ ಬೋರಲು ಹಾಕಿ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು. ಬಂದವರು ಬೆವರುತ್ತಿದ್ದರು. "ಸರೋಜಮ್ಮ, ಬೇಕು ಅಂತ ಮೊದಲು ಬಾಯಿ ಬಿಟ್ಟೋನು ಅಲ್ಲಿಗೆ ಕೆಟ್ಟ. ಹೆಣ್ಣು ನೋಡಿ ಬಂದ ಮೇಲೆ ಎಂಟು ದಿನ ತುಟಿ ಎರಡು ಮಾಡಬಾರದು" ಅನ್ನುತ್ತಿದ್ದರು. ಎಂಟೇ ಯಾಕೆ, ಏಳು ಯಾಕಲ್ಲ ಎಂದು ನಾನು ಕೇಳಲಿಲ್ಲ. ಎಷ್ಟು ಜನರ ಊಟ ನಿದ್ದೆ ಈ ಎಂಟು ದಿನದಲ್ಲಿ ಹಾಳಾಗಿದೆಯೋ.

ಕೇಂದ್ರದಲ್ಲಿ ಆಗ ನಂಬರು ತಿರುಗಿಸುವ ಕಪ್ಪು ಫೋನಿತ್ತು. ಒಂದು ಸಲ ಗಂಡಿನ ತಂದೆಯೊಬ್ಬರು, ಹುಡುಗಿ ಎಲ್ಲ ಸರಿ, ಸ್ವಲ್ಪ ಕುಳ್ಳು ಅಂತ ರಾಗ ಎಳೆಯುತ್ತ ಕೂತಿದ್ದರು. ಮೇಷ್ಟ್ರು ಫೋನೆತ್ತಿ ನಂಬರು ತಿರುಗಿಸಿದರು. "ಹಲೋ, ನಿಮ್ಮ ಮೈಸೂರಿನ ಗಂಡಿಗೆ ಒಂದು ಹುಡುಗಿ ಇದ್ದಾಳೆ ಅಂದಿದ್ನಲ್ಲ. ಹಾಂ, ಅವಳೇ. ಇಲ್ಲಿ ಇನ್ನೂ ಏನೂ ತೀರ್ಮಾನ ಆಗಿಲ್ಲ, ನಾಳೆನೇ ಕರ್ಕೊಂಡು ಬನ್ನಿ." ಎದುರು ಕೂತವರ ಕಣ್ಣಿಗೆ ಹುಡುಗಿ ಅಷ್ಟರಲ್ಲೇ ಅರ್ಧ ಅಡಿ ಬೆಳೆದುಬಿಟ್ಟಳು. ಸಂಜೆಯೊಳಗೆ ಒಪ್ಪಿಗೆ ಬಂತು. ಅವರು ಹೋದ ಮೇಲೆ ನಾನು ಯಾರಿಗೋ ಫೋನ್ ಮಾಡಲು ಹೋದರೆ ಅದರಲ್ಲಿ ಸದ್ದೇ ಇಲ್ಲ. ಎರಡು ದಿನದಿಂದ ಲೈನು ಕೆಟ್ಟು ಕೂತಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಗುವಾಗ ನಮ್ಮಪ್ಪನ ನೆನಪು ಬರಬೇಕಾಗಿತ್ತು. ನನ್ನನ್ನು ನೋಡಿಕೊಂಡು ಹೋದ ಗಂಡಿನವರು ಮೂರು ವಾರ ಉಸಿರೆತ್ತಿರಲಿಲ್ಲ. ಅಪ್ಪ ದಿನಾ ಸಂಜೆ ಒಗೆದ ಪಂಚೆ ಉಟ್ಟು ಬಸ್ಸು ನಿಲ್ಲುವ ಕಡೆ ಹೋಗಿ, ಇಳಿದವರ ಮುಖ ನೋಡಿ ವಾಪಸ್ಸು ಬರುತ್ತಿದ್ದರು. ಅವ್ವ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಳು. ಮದುವೆಯಾಗಿ ಎಷ್ಟೋ ದಿನದ ಮೇಲೆ ನನ್ನ ಗಂಡ ಹೇಳಿದರು: "ನಾನು ನೋಡಿದ ದಿನವೇ ಒಪ್ಪಿದ್ದೆ ಕಣೆ. ಸುಮ್ಕಿರ್ಲಾ, ಈಗ್ಲೇ ಏಳುದ್ರೆ ಬಿಗು ಓಯ್ತದೆ ಅಂದ ನಮ್ಮಪ್ಪ." ಅದಕ್ಕೂ ನಾನು ನಕ್ಕಿದ್ದೆ. ಅಪ್ಪನ ಆ ಮೂರು ವಾರ ಯಾತಕ್ಕೂ ಅಲ್ಲದ ಮೂರು ವಾರ ಅಂತ ತಿಳಿದ ಮೇಲೂ ನಕ್ಕಿದ್ದೆನಲ್ಲ, ಅದು ಈಗ ಉರಿಯುತ್ತದೆ.

ಮೇಷ್ಟ್ರೂ ನಾನೂ ಸೇರಿ ಮಾಡಿದ ಒಂದು ಘನಕಾರ್ಯ ಹೇಳುತ್ತೇನೆ. ಮಂಡ್ಯದ ಹುಡುಗಿ, ಮದ್ದೂರಿನ ಹುಡುಗ. ಇಬ್ಬರಿಗೂ ಇಷ್ಟ. ಹುಡುಗಿಯ ತಂದೆ ನನ್ನನ್ನು ಕೇಳಿದರು, ಎಂಟು ದಿನ ಸುಮ್ಮನಿರಿ, ಅವರೇ ಬರುತ್ತಾರೆ ಅಂದೆ. ಹುಡುಗನ ಸೋದರಮಾವ ಮೇಷ್ಟ್ರನ್ನು ಕೇಳಿದ್ದಾರೆ, ಅವರೂ ಅದನ್ನೇ ಹೇಳಿದ್ದಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಂಟು ದಿನ ಹೋಯಿತು, ತಿಂಗಳು ಹೋಯಿತು. ಒಂದು ಸೋಮವಾರ ಹುಡುಗಿಯ ತಂದೆ ಮೆಟ್ಟಿಲು ಹತ್ತಿ ಬಂದು, "ಅವ್ರಿಗೆ ಮನಸ್ಸಿಲ್ಲ ಅಂತ ಕಾಣ್ತದೆ, ಫೋಟೋ ಕೊಟ್ಬುಡಿ" ಅಂದರು. ಅದೇ ವಾರ ಸೋದರಮಾವನೂ ಬಂದು ಅದೇ ಮಾತು ಹೇಳಿದರು. ಓಡಿಹೋಗಿ ಕೂಡಿಸೋಣ ಅಂದರೆ ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಗಿತ್ತು. ಮೇಷ್ಟ್ರು ನಶ್ಯ ಏರಿಸಿ, "ಋಣ ಇರಲಿಲ್ಲ ಬಿಡಿ" ಅಂದರು. ನಾವು ಮಾಡಿದ ಕಿತಾಪತಿಗೆ ಋಣ ಅಂತ ಹೆಸರು! ಈ ಒಂದು ಪದ ನಮ್ಮ ಕಸುಬಿನವರನ್ನು ಎಷ್ಟು ಸಲ ಕಾಪಾಡಿದೆಯೋ ಲೆಕ್ಕವಿಲ್ಲ.

ಕೆಳಗಿನ ಅಂಗಡಿಯಲ್ಲಿ ಮಂಚ, ಬೀರು ಮಾಡುವ ಬಷೀರ್ ಸಾಹೇಬರಿಗೆ ಈ ಕಥೆ ತಮಾಷೆಯಾಗಿ ಹೇಳಿದೆ. ಅವರು ಮರ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಮ್ ಗಿರಾಕಿನೂ ಹಿಂಗೇಯ ಸರೋಜಕ್ಕ. ಬೇಕಾದ ಮಂಚ ಬುಟ್ಟು ಪಕ್ಕದ ಮಂಚ ತಟ್ತಾನೆ. ನಾನೂ ಅವನ ಕಡೆ ನೋಡಕಿಲ್ಲ. ಅವ್ನು ಹೊಂಟೋದ್ರೆ ಮಂಚ ಇಲ್ಲೇ ಇರ್ತದೆ, ಅದ್ಕೇನು ಬೇಜಾರಾಗಕಿಲ್ಲ. ನಿಮ್ದು ಮಂಚದ ಯಾಪಾರ ಅಲ್ಲ ನೋಡಿ" ಅಂದರು. ನನಗೆ ಎಷ್ಟು ಕೋಪ ಬಂತೆಂದರೆ ಒಂದು ವಾರ ಅವರನ್ನು ಮಾತಾಡಿಸಲಿಲ್ಲ. ನಮಗೆ ಬುದ್ಧಿ ಹೇಳಲು ಈ ಬಡಗಿ ಯಾರು ಅಂದುಕೊಂಡೆ.

ಮೇಷ್ಟ್ರು ತೀರಿಕೊಂಡರು, ಕೇಂದ್ರ ನನ್ನ ಕೈಗೆ ಬಂತು. ಅಷ್ಟರಲ್ಲಿ ಕಾಲವೂ ತಿರುಗಿತ್ತು. ನಮ್ಮ ಕಡೆ ಹೊಲ ಗದ್ದೆ ಮಾಡುವ ಗಂಡುಗಳಿಗೆ ಹೆಣ್ಣು ಸಿಗುವುದು ನಿಂತುಹೋಯಿತು. ಓದಿದ ಹುಡುಗಿಯರು ಬೇಸಾಯದ ಮನೆ ಬೇಡ ಅಂದರು. ಮೀಸೆ ತಿರುವುತ್ತಿದ್ದ ಗಂಡಿನ ಅಪ್ಪಂದಿರು ನನ್ನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕಾಯತೊಡಗಿದರು. ನನಗೆ ಸಂತೋಷವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ನಮ್ಮಪ್ಪನ ಮೂರು ವಾರಕ್ಕೆ ಸೇಡು ತೀರುತ್ತಿದೆ ಅನ್ನಿಸುತ್ತಿತ್ತು. ಈಗ ನಮ್ಮ ಸರದಿ, ಹೆಣ್ಣಿನ ಕಡೆಯವರು ಬಿಗು ಹಿಡಿಯಲಿ ಅಂತ ಮೇಷ್ಟ್ರ ಪಾಠವನ್ನೆಲ್ಲ ಹೆಣ್ಣಿನವರಿಗೆ ಹೇಳಿಕೊಟ್ಟೆ. ಯಾರ ಮೇಲೆ ಸೇಡು? ಕಾಯಿಸಿದ ಆ ಹಳೇ ಅಪ್ಪಂದಿರೆಲ್ಲ ಮಣ್ಣಾಗಿದ್ದರು. ಈಗ ಕಾಯುತ್ತಿದ್ದವರು ಏನೂ ಅರಿಯದ ಹುಡುಗರು.

ಐದು ವರ್ಷದ ಹಿಂದೆ ನಿಡಘಟ್ಟದ ಬೋರೇಗೌಡರು ಮಗಳು ರೂಪಾಳ ಫೋಟೋ ಕೊಟ್ಟು ಹೋದರು. ಇಪ್ಪತ್ತೇಳು ವಯಸ್ಸು. ಸೋಮನಹಳ್ಳಿಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಸಾಲಿನ ಮೇಲ್ವಿಚಾರಕಿ. ಸ್ವಂತ ಸ್ಕೂಟರ್ ಇತ್ತು. ಆ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವಳು ಅವಳೇ. ಮಾತು ಕಡಿಮೆ, ಆಡಿದರೆ ನೇರ. ಅವಳಿಗೆ ನಾನು ಮಳವಳ್ಳಿ ಹತ್ತಿರದ ಮಹೇಶನನ್ನು ತೋರಿಸಿದೆ. ರೇಷ್ಮೆ ಹುಳು ಸಾಕುತ್ತಿದ್ದ. ತಂದೆ ಇಲ್ಲ, ತಾಯಿ ಕೆಂಪಮ್ಮ ಮಾತ್ರ.

ಹೆಣ್ಣು ನೋಡುವ ದಿನ ರೂಪಾ ಕಾಫಿ ಕೊಟ್ಟು ಕೂತಳು. ಏನಾದರೂ ಕೇಳುವುದಿದ್ದರೆ ಕೇಳಪ್ಪ ಅಂದರು ಬೋರೇಗೌಡರು. ಮಹೇಶ ಕತ್ತು ಕೆರೆದುಕೊಂಡು, "ನಿಮ್ಗೆ ಹುಳ ಕಂಡ್ರೆ ಅಸಹ್ಯ ಆಯ್ತದಾ?" ಅಂದ. ರೂಪಾ, "ಇನ್ನೂ ಮುಟ್ಟಿಲ್ಲ. ಮುಟ್ಟಿ ನೋಡಿ ಏಳ್ತೀನಿ" ಅಂದಳು. ಎಲ್ಲರೂ ನಕ್ಕರು. ಅವನು ಮಾತ್ರ ನಗದೆ, "ನಂಗೆ ಒಪ್ಗೆ ಐತೆ. ಅವ್ರನ್ನೂ ಒಂದ್ಮಾತು ಕೇಳಿ" ಎಂದು ತುಂಬಿದ ಮನೆಯಲ್ಲಿ ಹೇಳಿಬಿಟ್ಟ. ನನ್ನ ಅಷ್ಟು ವರ್ಷದ ಕಸುಬಿನಲ್ಲಿ ಹೀಗೆ ಯಾವ ಗಂಡೂ ಹೇಳಿರಲಿಲ್ಲ. ಹೊರಗೆ ಬಂದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, "ಎಲ್ಲರ ಮುಂದೆ ಹಾಗೆ ಬಾಯಿ ಬಿಡ್ತಾರೇನಪ್ಪ?" ಅಂದೆ.

"ಇಷ್ಟ ಆದ್ಮೇಲೆ ಇನ್ನೇನಮ್ಮ?" ಅಂದ ಅವನು. "ಇಲ್ಲಿಗಂಟ ಅದಿಮೂರು ಮನೆ ಅತ್ತಿ ಇಳ್ದಿವ್ನಿ. ಇಲ್ಲ ಅನ್ನೋರು ಯಾರೂ ಬಾಯ್ಬುಟ್ಟು ಇಲ್ಲ ಅನ್ನಕಿಲ್ಲ. ಸುಮ್ಕಾಗ್ಬುಡ್ತಾರೆ. ಸುಮ್ಕಾದ್ರು ಅಂದ್ರೆ ಮುಗೀತು ಅಂತ ನಾವೇ ತಿಳ್ಕಬೇಕು. ನಾನಾದ್ರೂ ಬಾಯ್ಬುಟ್ಟು ಏಳಾನ ಅಂತ ಏಳ್ದೆ."

ಅವನು ನನಗೆ ಎಲ್ಲವನ್ನೂ ಹೇಳಿಯೇ ಇದ್ದ. ಕಿವಿ ನನಗೆ ಇರಲಿಲ್ಲ.

ಒಳಗೆ ಹೋಗಿ ರೂಪಾಳನ್ನು ಕೇಳಿದೆ. "ನಂಗೂ ಇಷ್ಟ ಆಂಟಿ. ಕೆಲ್ಸ ಬುಡ್ಸಬಾರ್ದು, ಅದೊಂದೇ. ಈಗ್ಲೇ ಓಗಿ ಕೇಳ್ಬುಡ್ಲಾ?" ಅಂದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. "ನೀನಾಗಿ ಕೇಳಿದರೆ ನಿನ್ನ ಕೈ ಕೆಳಗಾಗುತ್ತೆ. ಅವರಾಗಿ ಬಂದು, ಏನು ಬೇಕಾದರೂ ಒಪ್ತೀವಿ ಅನ್ನೋ ಹಾಗೆ ನಾನು ಮಾಡ್ತೀನಿ" ಅಂದೆ. ಬಾಗಿಲಾಚೆ, ಹತ್ತು ಹೆಜ್ಜೆ ದೂರದಲ್ಲಿ ಅವನು ಚಪ್ಪಲಿ ಮೆಟ್ಟುತ್ತಿದ್ದ. ಒಂದೇ ವಾಕ್ಯದ ಕೆಲಸ ಅದು.

ಮುಂದಿನ ಭಾನುವಾರ ಗಂಡಿನ ಮನೆ ನೋಡಲು ಹೊರಟೆವು. ನಮ್ಮ ಕಡೆ ಇದಕ್ಕೆ ಹುಡುಗಿ ಹೋಗುವುದಿಲ್ಲ, ಹಿರಿಯರು ಹೋಗುತ್ತಾರೆ. ಮನೆ, ಹೊಲ, ನೀರು ನೋಡುತ್ತಾರೆ. ಆ ಮನೆಯಲ್ಲಿ ಊಟಕ್ಕೆ ಕೂತರೆ ಒಪ್ಪಿದ ಹಾಗೆ. ಬರೀ ಕಾಫಿ ಕುಡಿದು ಎದ್ದರೆ ಮನಸ್ಸಿಲ್ಲ ಅಂತ. ಯಾರೂ ಬಾಯಲ್ಲಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಕಾರಿನಲ್ಲಿ ಬೋರೇಗೌಡರು, ಅವರ ಹೆಂಡತಿ ಸಾಕಮ್ಮ, ನಾನು. ಮಳವಳ್ಳಿ ದಾಟುತ್ತಿದ್ದಂತೆ ನಾನು ಹೇಳಿದೆ: "ಊಟಕ್ಕೆ ಕೂರಬೇಡಿ."

ಬೋರೇಗೌಡರು ತಿರುಗಿ ನೋಡಿದರು. "ಅದೆಂಗಮ್ಮ? ಎಣ್ಣಿಗೂ ಇಷ್ಟ, ನಮ್ಗೂ ಇಷ್ಟ. ಬೇಸಿ ಇಟ್ಟವ್ರು ಏನಂದ್ಕಂಡಾರು?"

"ಅಂದುಕೊಳ್ಳಲಿ. ಎಂಟು ದಿನ ನಿದ್ದೆ ಕೆಡಲಿ. ಒಂಬತ್ತನೇ ದಿನ ನಿಮ್ಮ ಬಾಗಿಲಲ್ಲಿ ಇರ್ತಾರೆ. ಆಗ ಕೆಲಸದ ಮಾತು ಎತ್ತೋಣ, ಇಲ್ಲ ಅನ್ನೋ ಧೈರ್ಯ ಇರಲ್ಲ ಅವರಿಗೆ."

ನನ್ನ ಮಾತಿಗೆ ಎದುರಾಡುವವರು ಆಗ ಯಾರಿದ್ದರು? ಅವರು ಮುಂದಕ್ಕೆ ತಿರುಗಿ ಕೂತರು.

ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಕೆಂಪಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕಾಫಿ ಕೊಟ್ಟರು. ಮಹೇಶ ಹಿಪ್ಪುನೇರಳೆ ತೋಟ, ಹುಳುವಿನ ಮನೆ ಎಲ್ಲ ತೋರಿಸಿದ. ವಾಪಸ್ಸು ಬಂದಾಗ ನಡುಮನೆಯಲ್ಲಿ ಎಲೆ ಹಾಕಿತ್ತು. ಎಲೆಗೆ ನೀರು ಚಿಮುಕಿಸಿ, ಉಪ್ಪು, ಕೋಸಂಬರಿ, ಪಲ್ಯ, ಚಿತ್ರಾನ್ನ ಬಡಿಸಿ ಆಗಿತ್ತು. ಒಬ್ಬಟ್ಟಿನ ವಾಸನೆ ಬೀದಿಗೆ ಬರುತ್ತಿತ್ತು. ಮಹೇಶ ಕೈ ತೊಳೆಯಲು ತಂಬಿಗೆ ಹಿಡಿದು ನಿಂತಿದ್ದ. ಬೋರೇಗೌಡರು ನನ್ನ ಮುಖ ನೋಡಿದರು.

ಎಲೆ ಹಾಕಿದ ಮೇಲೆ ಎದ್ದು ಹೋಗಬಾರದು ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಗಡಿಯಾರ ನೋಡಿಕೊಂಡೆ. "ಮಂಡ್ಯದಲ್ಲಿ ಒಂದು ಕೆಲಸ ಇದೆ, ಹೊತ್ತಾಯಿತು. ಕಾಫಿ ಆಯಿತಲ್ಲ, ಸಾಕು ಬಿಡಿ" ಅಂದೆ.

"ಒಂದು ತುತ್ತು ಸಿಹಿನಾರ ಬಾಯ್ಗಾಕ್ಕಂಡು ಓಗಿ ಕಣವ್ವ" ಅಂದರು ಕೆಂಪಮ್ಮ. ನಾನು ಆಗಲೇ ಹೊಸಿಲು ದಾಟಿದ್ದೆ. ತಿರುಗಿ ನೋಡಿದಾಗ ಮಹೇಶ ತಂಬಿಗೆಯನ್ನು ಗೋಡೆ ಪಕ್ಕ ಇಡುತ್ತಿದ್ದ. ಕೆಂಪಮ್ಮ ಎಲೆಯಲ್ಲಿ ಒಬ್ಬಟ್ಟು ಸುತ್ತಿಕೊಂಡು ಕಾರಿನ ತನಕ ಬಂದು ಕಿಟಕಿಯೊಳಗೆ ಚಾಚಿದರು. ಸಾಕಮ್ಮ ಕೈ ಮುಂದೆ ಮಾಡಿದರು. ನಾನು ಕಣ್ಣಲ್ಲೇ ಬೇಡ ಅಂದೆ. ಆ ಕೈ ಹಿಂದಕ್ಕೆ ಹೋಯಿತು. ಕಾರು ಹೊರಟಾಗ ನಾನು ಒಳಗೊಳಗೇ ಹಿಗ್ಗಿದ್ದೆ. ಎಂಥ ಬಿಗು ಹಿಡಿದೆ ಅಂತ!

ಎರಡನೇ ದಿನ ಮಹೇಶ ರೂಪಾಳಿಗೆ ಫೋನ್ ಮಾಡಿದ್ದಾನೆ. ಎತ್ತಬೇಡ ಅಂದಿದ್ದೆ, ಎತ್ತಲಿಲ್ಲ. ಮೂರನೇ ದಿನ ವಾಟ್ಸಾಪಿನಲ್ಲಿ ಬರೆದಿದ್ದಾನೆ. ಅವಳು ಕಾರ್ಖಾನೆಯ ಊಟದ ಬಿಡುವಿನಲ್ಲಿ ಫೋನ್ ಮಾಡಿ ಅದನ್ನು ನನಗೆ ಓದಿ ಹೇಳಿದಳು: ಊಟ ಮಾಡದೆ ಹೋದರು, ಅವ್ವ ಬೇಜಾರು ಮಾಡಿಕೊಂಡಳು, ನಿಮಗೆ ಇಷ್ಟ ಇಲ್ಲ ಅಂದರೆ ಹೇಳಿಬಿಡಿ, ನಾನು ಏನೂ ಅಂದುಕೊಳ್ಳುವುದಿಲ್ಲ.

"ಆಂಟಿ, ಇಷ್ಟ ಅದೆ ಅಂತ ಒಂದೇ ಒಂದು ಮಾತು ಹಾಕ್ತೀನಿ. ಇಂಗೆ ಸುಮ್ನಿರಕ್ಕೆ ನಂಗೆ ಬರಕಿಲ್ಲ."

"ಹಾಕಬೇಡ. ನೀನು ಓದಿದ್ದೀಯ ಅಂತ ಅವನಿಗೆ ಗೊತ್ತಾಗಬೇಕು, ಉತ್ತರ ಮಾತ್ರ ಹೋಗಬಾರದು. ಇನ್ನು ಐದೇ ದಿನ" ಅಂದೆ. ಓದಿದ ಮೇಲೆ ಬೀಳುವ ಆ ನೀಲಿ ಗೆರೆ ಮೇಷ್ಟ್ರ ಕಾಲದಲ್ಲಿ ಇದ್ದಿದ್ದರೆ ಅವರು ಎಷ್ಟು ಖುಷಿ ಪಡುತ್ತಿದ್ದರು ಅಂತಲೂ ಅಂದುಕೊಂಡೆ. ಪವಿತ್ರ, ನೀನು ನಿನ್ನ ಕೇಂದ್ರದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿರುವ ಸಲಹೆ ನೋಡಿದೆ. ಕೂಡಲೇ ಉತ್ತರ ಕೊಡಬೇಡಿ, ಕಡೆಯದಾಗಿ ಯಾವಾಗ ಫೋನ್ ನೋಡಿದಿರಿ ಅನ್ನುವುದನ್ನು ಮುಚ್ಚಿಡಿ ಅಂತ ಬರೆದಿದ್ದೀಯ. ನಿನಗಿಂತ ಮೊದಲು ಅದನ್ನು ಮಾಡಿ ಮುಗಿಸಿದವಳು ನಾನು.

ಎಂಟನೇ ದಿನ ಯಾರೂ ಬರಲಿಲ್ಲ. ಒಂಬತ್ತನೇ ದಿನ ನಾನೇ ಫೋನ್ ಮಾಡಿದೆ, ಎತ್ತಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಕೆಂಪಮ್ಮ ಜಗಲಿಯಲ್ಲಿ ಕಾಳು ಹಸನು ಮಾಡುತ್ತಿದ್ದರು. ಬನ್ನಿ ಅಂದರು, ಎದ್ದೇಳಲಿಲ್ಲ.

"ನೆನ್ನೆ ತಾಂಬೂಲ ಬದಲಾಯ್ಸ್ಕಂಡೊ ಕಣವ್ವ. ನಮ್ಮಣ್ಣನ ಕಡೆಯಿಂದ ಒಂದು ಎಣ್ಣು ಬಂತು. ಅವ್ರು ಬಂದ ದಿನವೇ ಉಂಡ್ರು."

ಅಷ್ಟರಲ್ಲಿ ಮಹೇಶ ಸೊಪ್ಪಿನ ಹೊರೆ ಹೊತ್ತು ಬಂದ. ನಾನು ಅವನ ಮೇಲೇ ಹರಿಹಾಯ್ದೆ. ನನ್ನ ನಾಚಿಕೆಗೇಡು ನೋಡಿ, ಅವನ ಮೇಲೇ! "ಎಂಟು ದಿನ ಕಾಯೋಕಾಗಲಿಲ್ವೇನಪ್ಪ ನಿನಗೆ? ಆ ಹುಡುಗಿ ಪ್ರಾಣ ಇಟ್ಟುಕೊಂಡಿದ್ದಾಳೆ ನಿನ್ನ ಮೇಲೆ" ಅಂದೆ.

ಅವನು ಹೊರೆ ಇಳಿಸಿ ಮುಖ ಒರೆಸಿಕೊಂಡ. ಆಮೇಲೆ, "ಕಾಯಿ ಅಂದಿದ್ರೆ ಕಾಯ್ತಿದ್ದೆ ಕಣಮ್ಮ. ವರ್ಸ ಬೇಕಾದ್ರೂ ಕಾಯ್ತಿದ್ದೆ. ಯಾರೂ ಅನ್ಲಿಲ್ವಲ್ಲ" ಅಂದ. ನಾನು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ. "ಈಗೇನೂ ಏಳ್ಬೇಡಿ. ಅಲ್ಲಿ ಮಾತು ಕೊಟ್ಟಿವ್ನಿ. ಅದೂ ಒಂದು ಎಣ್ಮಗ." ಹೊರೆ ಎತ್ತಿಕೊಂಡು ಹುಳುವಿನ ಮನೆಗೆ ಹೋದ.

ಹೊರಡಲು ಎದ್ದಾಗ ಕೆಂಪಮ್ಮ ಗೋಡೆಯ ಕ್ಯಾಲೆಂಡರ್ ತೆಗೆದು ಹಿಂದುಗಡೆ ತಿರುಗಿಸಿ ತೋರಿಸಿದರು. ಪೆನ್ಸಿಲಿನಲ್ಲಿ ಬರೆದಿತ್ತು. ಮಳವಳ್ಳಿಯಿಂದ ಮದ್ದೂರಿಗೆ ಬೆಳಗಿನ ಬಸ್ಸುಗಳು, ಅಲ್ಲಿಂದ ಸೋಮನಹಳ್ಳಿಗೆ ಸಿಗುವ ಬಸ್ಸುಗಳು, ಸಂಜೆ ವಾಪಸ್ಸು ಬರುವವು. ಒಂದು ಬಸ್ಸಿನ ಕೆಳಗೆ ಗೀಟು ಎಳೆದು, ಇದರಲ್ಲಿ ಕೂರಲು ಜಾಗ ಸಿಗುತ್ತದೆ ಅಂತ ಮಹೇಶ ಬರೆದಿದ್ದ. "ಆ ಎಣ್ಮಗ ಕೆಲ್ಸಕ್ಕೋಗ್ಬೇಕಲ್ಲವ್ವ ಅಂತ, ಎಣ್ಣು ನೋಡ್ಕಬಂದ ಮಾರ್ನೆಗೇ ಬಸ್ಟ್ಯಾಂಡ್ಗೋಗಿ ಬರ್ಕಬಂದಿದ್ದ" ಅಂದರು. ನಾನು ಬಿಗು ಹಿಡಿದು ಗೆಲ್ಲಲು ಹೋಗಿದ್ದುದನ್ನು ಅವನು ಯಾರೂ ಕೇಳುವ ಮೊದಲೇ ಕೊಟ್ಟುಬಿಟ್ಟಿದ್ದ.

ಅಲ್ಲಿಂದ ಸೀದಾ ಸೋಮನಹಳ್ಳಿಗೆ ಹೋಗಿ ಕಾರ್ಖಾನೆ ಗೇಟಿನಲ್ಲಿ ನಿಂತೆ. ರೂಪಾ ಹೊರಗೆ ಬಂದಳು. ವಿಷಯ ಹೇಳಿದೆ. ಅವಳು ಅಳಲಿಲ್ಲ. "ನೀವು ಏಳ್ದಂಗೇ ಕೇಳ್ದೆ ಆಂಟಿ. ಇನ್ನೇನ್ ಮಾಡ್ಬೇಕಿತ್ತು ನಾನು?" ಅಂದಳು. ಆಗ ನನ್ನ ಬಾಯಿಂದ ಬಂದ ಮಾತನ್ನೂ ಬರೆದುಬಿಡುತ್ತೇನೆ. "ಅವನಿಗೇ ಅಷ್ಟೊಂದು ಮನಸ್ಸಿರಲಿಲ್ಲ ಅಂತ ಕಾಣುತ್ತೆ. ಋಣ ಇರಲಿಲ್ಲ ಬಿಡಮ್ಮ" ಅಂದೆ. ಕ್ಯಾಲೆಂಡರ್ ವಿಷಯ ಎತ್ತಲಿಲ್ಲ. ನನ್ನ ತಪ್ಪು ಮುಚ್ಚಿಕೊಳ್ಳಲು ಅವನ ತಲೆಗೆ ಕಟ್ಟಿದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಆಮೇಲೆ ರೂಪಾಳಿಗೆ ಎರಡು ಮೂರು ಗಂಡು ತೋರಿಸಲು ಹೋದೆ. ಯಾರ ಮುಂದೆಯೂ ಬಂದು ಕೂರುವುದಿಲ್ಲ ಅಂದಳು. ಬೋರೇಗೌಡರು ಫೋನ್ ಮಾಡುವುದನ್ನು ನಿಲ್ಲಿಸಿದರು. ಎರಡು ವರ್ಷದ ಮೇಲೆ ನಾನು ಕೇಂದ್ರ ಮುಚ್ಚಿದೆ. ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಅಂತ ಎಲ್ಲರಿಗೂ ಹೇಳಿದೆ. ಮಂಡಿ ಚೆನ್ನಾಗಿಯೇ ಇತ್ತು. ಬಷೀರ್ ಸಾಹೇಬರಿಗೆ ಮಾತ್ರ ನಿಜ ಗೊತ್ತಿತ್ತು ಅನ್ನಿಸುತ್ತದೆ, ಕೋಣೆ ಖಾಲಿ ಮಾಡುವ ದಿನ ಅವರು ಏನೂ ಕೇಳದೆ ಪೆಟ್ಟಿಗೆ ಇಳಿಸಿಕೊಟ್ಟರು.

ಪವಿತ್ರಳನ್ನು ಬೈದು ಕಳಿಸಿದ ಮೂರು ದಿನಕ್ಕೆ ಭಾನುವಾರ ಬಂತು. ಬೆಳಿಗ್ಗೆ ಎದ್ದವಳೇ ನಿಡಘಟ್ಟದ ಬಸ್ಸು ಹತ್ತಿದೆ. ಏನೂ ತಿನ್ನಲು ಮನಸ್ಸಾಗಲಿಲ್ಲ. ಜಗಲಿಯಲ್ಲಿದ್ದ ಬೋರೇಗೌಡರು ನನ್ನನ್ನು ನೋಡಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದರು. ರೂಪಾ ಬಾಗಿಲಿಗೆ ಬಂದಳು. ಕಿವಿಯ ಪಕ್ಕ ಒಂದೆರಡು ಕೂದಲು ಬೆಳ್ಳಗಾಗಿತ್ತು. ಈಗ ಅವಳ ಕೈಕೆಳಗೆ ನಾಲ್ಕು ಸಾಲಿನ ಹೆಂಗಸರಿದ್ದಾರಂತೆ. ಕೂತ್ಕೊಳ್ಳಿ ಅಂದಳು.

ಕೂತು, ಸುತ್ತು ಬಳಸದೆ ಹೇಳಿದೆ. ಅವನಿಗೆ ಮನಸ್ಸಿರಲಿಲ್ಲ ಅಂತ ಗೇಟಿನಲ್ಲಿ ನಾನು ಹೇಳಿದ್ದು ಸುಳ್ಳು ಅಂದೆ. ಕಾಯಿ ಅಂದಿದ್ದರೆ ವರ್ಷ ಬೇಕಾದರೂ ಕಾಯುತ್ತಿದ್ದೆ ಅಂದದ್ದು, ಕ್ಯಾಲೆಂಡರಿನ ಹಿಂದೆ ಬರೆದಿದ್ದ ಬಸ್ಸಿನ ಹೊತ್ತು, ಕೂರಲು ಜಾಗ ಸಿಗುವ ಬಸ್ಸಿಗೆ ಎಳೆದಿದ್ದ ಗೀಟು, ಎಲ್ಲ ಹೇಳಿದೆ. "ಕೆಡಿಸಿದವಳು ನಾನು, ಋಣ ಅಲ್ಲ" ಅಂದೆ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು. ಬೈದರೆ ಬೈಯಲಿ ಅಂತ ಕಾದೆ. ಅವಳು ಎದ್ದು ಒಳಗೆ ಹೋಗಿ ತಟ್ಟೆ ತಂದಳು.

"ಮದ್ಯಾನ ಆಗದೆ. ಊಟ ಮಾಡಿ ಆಂಟಿ."

"ಬೇಡಮ್ಮ, ಆಗಿದೆ" ಅಂದೆ. ಮೂವತ್ತು ವರ್ಷದ ಚಾಳಿ, ಯೋಚನೆ ಮಾಡುವ ಮೊದಲೇ ಬಾಯಿಂದ ಬಂತು. ಇನ್ನೊಂದು ಸಲ ಬಲವಂತ ಮಾಡಿದರೆ ಕೂರೋಣ ಅಂತ ಒಳಗಿದ್ದದ್ದು. ಅವಳು ಬಲವಂತ ಮಾಡಲಿಲ್ಲ. ಸರಿ ಎಂದು ತಟ್ಟೆ ಎತ್ತಿಕೊಂಡು ಅಡುಗೆ ಮನೆಗೆ ಹೋದಳು. ತಟ್ಟೆಯನ್ನು ವಾಪಸ್ಸು ಇಟ್ಟ ಸದ್ದು ಕೇಳಿಸಿತು.

ನಾನು ನಡುಮನೆಯಲ್ಲಿ ಹಸಿದುಕೊಂಡು ಕೂತಿದ್ದೆ. ಕೋಪ ಬಂತು, ನನ್ನ ಮೇಲೇ. "ರೂಪಾ" ಎಂದು ಕೂಗಿದೆ. "ಸುಳ್ಳು ಹೇಳಿದೆ ಕಣಮ್ಮ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಹೊಟ್ಟೆ ಹಸಿದಿದೆ, ಊಟ ಹಾಕು."

ಅವಳು ಬಾಗಿಲಲ್ಲಿ ನಿಂತು ನನ್ನನ್ನು ಒಂದು ಸಲ ಪೂರ್ತಿ ನೋಡಿದಳು. ತಟ್ಟೆ ತಂದು ಮುದ್ದೆ ಹಾಕಿದಳು, ಸೊಪ್ಪಿನ ಸಾರು ಬಿಟ್ಟಳು. ನಾನು ತಲೆ ಬಗ್ಗಿಸಿ ಉಂಡೆ. ಅವಳು ಎದುರಿಗೆ ಗೋಡೆಗೆ ಒರಗಿ ಕೂತಿದ್ದಳು. ಅರ್ಧ ಊಟ ಆದಾಗ ಕೇಳಿದಳು.

"ಅವತ್ತು ಅವ್ರ ಮನೇಲಿ ಏನೇನು ಅಡ್ಗೆ ಮಾಡಿದ್ರು ಆಂಟಿ?"

"ಒಬ್ಬಟ್ಟು. ಹೆಸರುಬೇಳೆ ಕೋಸಂಬರಿ. ಹುರುಳಿಕಾಯಿ ಪಲ್ಯ, ಚಿತ್ರಾನ್ನ. ಒಬ್ಬಟ್ಟಿನ ಸಾರೂ ಇತ್ತು."

"ಒಬ್ಬಟ್ಟು ಎಂಗಿತ್ತು?"

"ಗೊತ್ತಿಲ್ಲ ಕಣಮ್ಮ" ಅಂದೆ. "ನಾವು ಯಾರೂ ತಿನ್ನಲಿಲ್ಲ."